ಕೊರೆದ ರಂಧ್ರದಲ್ಲಿ ಉಳಿದ ಚಳಿ

ಸಂಪಾದಕರೇ,

ಧ್ರುವಪ್ರದೇಶದ ಮಂಜುಗಡ್ಡೆ ಅಂದರೆ ಎಲ್ಲರೂ ಅದನ್ನು ಕೊರೆದು ಹೊರತೆಗೆದ ಮಂಜಿನ ಕಂಬ, ಅದರೊಳಗಿನ ಗಾಳಿಗುಳ್ಳೆಗಳ ಬಗ್ಗೆಯೇ ಬರೆಯುತ್ತಾರೆ. ಕಂಬ ತೆಗೆದ ಮೇಲೆ ಉಳಿಯುವ ರಂಧ್ರವನ್ನು ಮರೆತುಬಿಡುತ್ತಾರೆ. ನನಗೆ ಜಾಸ್ತಿ ಬೆರಗು ಹುಟ್ಟಿಸುವುದು ಅದೇ.

1992ರಲ್ಲಿ ಯುರೋಪಿನ ‘ಗ್ರಿಪ್’ ತಂಡ ಗ್ರೀನ್‌ಲ್ಯಾಂಡ್‌ನ ಮಂಜನ್ನು ಮೂರು ಕಿಲೋಮೀಟರ್‌ಗೂ ಆಳಕ್ಕೆ ಕೊರೆಯಿತು. ಕೊರೆತದ ಬಿಸಿ ಆರುವವರೆಗೆ ಕಾದು, ಉದ್ದಕ್ಕೂ ಉಷ್ಣತೆ ಅಳೆದರು. ಮಂಜುಗಡ್ಡೆಯ ದಪ್ಪ ರಾಶಿಯಲ್ಲಿ ಶಾಖ ಬಹಳ ನಿಧಾನವಾಗಿ ಹರಡುತ್ತದೆ. ಹಾಗಾಗಿ ಹಿಮಯುಗದ ಚಳಿ ಇನ್ನೂ ಪೂರ್ತಿ ಮಾಯವಾಗಿಲ್ಲ, ಒಳಗೇ ಕೂತಿದೆ! ಕೆಳಗಿನ ಬಂಡೆಯಿಂದ ಬರುವ ಬಿಸಿ, ಮಂಜು ಜರುಗುವ ರೀತಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಾಗ, ಸುಮಾರು 25,000 ವರ್ಷಗಳ ಹಿಂದೆ ಅಲ್ಲಿ ಈಗಿಗಿಂತ 23 ಡಿಗ್ರಿಯಷ್ಟು ಹೆಚ್ಚು ಚಳಿ ಇತ್ತೆಂದು ಗೊತ್ತಾಯಿತು. ಮಂಜಿನೊಳಗಿನ ಹಗುರ ಮತ್ತು ಭಾರ ಆಮ್ಲಜನಕದ ಪ್ರಮಾಣ ನೋಡಿ ಚಳಿ ಅಂದಾಜಿಸುವ ಹಳೆಯ ಲೆಕ್ಕ ಹೇಳಿದ್ದು ಹೆಚ್ಚುಕಡಿಮೆ ಇದರ ಅರ್ಧ ಮಾತ್ರ. ರಂಧ್ರದಲ್ಲಿ ನೇರವಾಗಿ ಅಳೆಯದೇ ಇದ್ದಿದ್ದರೆ ಈ ವ್ಯತ್ಯಾಸ ತಿಳಿಯುವುದು ಕಷ್ಟವಿತ್ತು, ಅಲ್ವಾ?

ಹಿಂದಕ್ಕೆ ಹೋದಷ್ಟೂ ಈ ನೆನಪು ಮಸುಕಾಗುತ್ತದೆ, ನಿಜ. ಒಂದೊಂದು ವರ್ಷದ ಏರಿಳಿತ ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಕಂಬವೇ ಬೇಕು.

ಹವಾಮಾನದ ಲೇಖನಗಳ ಜೊತೆ ಒಮ್ಮೆ ಈ ಆಳದ ಉಷ್ಣತೆಯ ನಕ್ಷೆಯನ್ನೂ ದಯವಿಟ್ಟು ಅಚ್ಚು ಹಾಕಿ.

— ಒಬ್ಬ ಓದುಗ