ನೀಲೇಶ್ವರದಿಂದ ತೆಂಕಕ್ಕೆ, ನೀರಿನ ದಾರಿಯಲ್ಲಿ

ಪ್ರೀತಿಯ ಗೆಳೆಯಾ,

ನಮ್ಮ ಕಾಸರಗೋಡು ಕಡೆಯವರಿಗೆ ಬಡಗು ದಿಕ್ಕೇ ಅಭ್ಯಾಸ. ಕಾಲೇಜು, ಆಸ್ಪತ್ರೆ, ಮದುವೆ ಜವಳಿ, ಎಲ್ಲದಕ್ಕೂ ಮಂಗಳೂರಿನ ಬಸ್ಸು. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋಗುವುದು ಎಲ್ಲೋ ಅಪರೂಪ. ಆದರೆ ನಮ್ಮ ಜಿಲ್ಲೆಯ ಅತಿ ಚಂದದ ನೀರು ಇರುವುದು ಆ ತುದಿಯಲ್ಲೇ. ಮೊನ್ನೆ ಮನೆಯವರ ಜೊತೆ ಹೋಗಿ ಬಂದೆ. ಅದಕ್ಕೇ ಈ ಪತ್ರ.

ನೀಲೇಶ್ವರದ ಕೋಟ್ಟಪ್ಪುರದಲ್ಲಿ ಹೌಸ್‌ಬೋಟ್ ಹತ್ತಿದೆವು. ಕೊಡಗಿನ ಕಾಡಲ್ಲಿ ಹುಟ್ಟಿ ಇಳಿದು ಬರುವ ತೇಜಸ್ವಿನಿ ಹೊಳೆ ಅಲ್ಲಿ ಅಗಲವಾಗಿದೆ. ಅಳಿವೆಯ ಹತ್ತಿರ ಬಂದ ಮೇಲೆ ದೋಣಿ ಸಮುದ್ರಕ್ಕೆ ಹೋಗುವುದಿಲ್ಲ, ಎಡಕ್ಕೆ ತಿರುಗಿ ತೆಂಕಕ್ಕೆ ಹೊರಡುತ್ತದೆ. ಅಲ್ಲಿಂದ ಬಲಗಡೆ ಪೂರ್ತಿ ವಲಿಯಪರಂಬ. ಸುಮಾರು 24 ಕಿಲೋಮೀಟರ್ ಉದ್ದದ, ಕೆಲವು ಕಡೆ ತೀರಾ ಸಪೂರವಾದ ಮರಳಿನ ಪಟ್ಟಿ. ಅದರ ಆಚೆ ಅರಬ್ಬೀ ಸಮುದ್ರ. ಎಂಜಿನ್ ನಿಲ್ಲಿಸಿದಾಗ ತೆಂಗಿನ ಮರಗಳ ಹಿಂದೆ ಅಲೆ ಬಡಿಯುವುದು ಕೇಳಿಸುತ್ತದೆ, ನಮ್ಮ ಕಡೆ ಮಾತ್ರ ನೀರು ಅಲ್ಲಾಡುವುದಿಲ್ಲ.

ಪಡನ್ನದ ಹತ್ತಿರ ನಾನು ಜಾಸ್ತಿ ಹೊತ್ತು ನೋಡಿದ್ದು ಪಚ್ಚಿಲೆ ಎಂಬ ಚಿಪ್ಪುಮೀನಿನ ಕೃಷಿಯನ್ನು. ಪಚ್ಚಿಲೆ ಸುಕ್ಕ ಅಂದರೆ ನಿನಗೆ ಪ್ರಾಣ ಅಲ್ವಾ, ಅದು ಇಲ್ಲಿ ಹಗ್ಗದಲ್ಲಿ ಬೆಳೆಯುತ್ತದೆ. ನೀರಿನಲ್ಲಿ ಕಂಬ ಊರಿ, ಮೇಲೆ ಬಿದಿರು ಅಡ್ಡ ಕಟ್ಟಿ, ಹಗ್ಗಗಳನ್ನು ಸಾಲಾಗಿ ಇಳಿಬಿಟ್ಟಿರುತ್ತಾರೆ. ಕಡಲಿನ ಬಂಡೆಗಳಿಂದ ಕಿತ್ತು ತಂದ ಚಿಕ್ಕ ಪಚ್ಚಿಲೆಯನ್ನು ಹಗ್ಗದ ಸುತ್ತ ಹರಡಿ, ತೆಳ್ಳಗಿನ ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಪಚ್ಚಿಲೆಗಳು ತಾವೇ ನೂಲು ಬಿಟ್ಟು ಹಗ್ಗವನ್ನು ಹಿಡಿದುಕೊಂಡಿರುತ್ತವೆ. ಮಳೆಗಾಲ ಶುರುವಾಗುವ ಮೊದಲೇ ಕೊಯ್ಲು ಮುಗಿಯಬೇಕು. ಹೊಳೆಗಳ ಸಿಹಿನೀರು ನುಗ್ಗಿ ಉಪ್ಪು ಕಡಿಮೆಯಾದರೆ ಸಾಯುತ್ತವೆ. ಈ ಕೆಲಸದಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳು ಬೇಕಾದಷ್ಟಿವೆ. ಎದೆಮಟ್ಟ ನೀರಲ್ಲಿ ನಿಂತು ಗಂಟು ಬಿಗಿಯುವ ಕೈಗಳನ್ನು ನೋಡಿದರೆ ತಟ್ಟೆಯ ಮುಂದೆ ಚೌಕಾಸಿ ಮಾಡುವ ಮನಸ್ಸೇ ಬರುವುದಿಲ್ಲ.

ಮುಂದೆ ಇಡಯಿಲೆಕ್ಕಾಡು ಎಂಬ ಕುದ್ರು, ಅಂದರೆ ನಡುಗಡ್ಡೆ, ಸಿಗುತ್ತದೆ. ಅಲ್ಲೊಂದು ದೇವರ ಕಾಡು, ತುಂಬ ಮಂಗಗಳು. ಓಣಂ ಸಮಯಕ್ಕೆ ಊರವರು ಅವುಗಳಿಗೆ ಬಾಳೆಲೆ ಹಾಕಿ ಊಟ ಬಡಿಸುತ್ತಾರಂತೆ.

ಇನ್ನೂ ತೆಂಕಕ್ಕೆ ಹೋದರೆ ಎದುರಿಗೆ ಏಳಿಮಲೆ. ಅಲ್ಲಿಗೆ ಕಣ್ಣೂರು ಜಿಲ್ಲೆ. ಹಿಂದೆ ಹಾಯಿದೋಣಿಯವರಿಗೆ ಆ ಗುಡ್ಡದ ಮೂತಿಯನ್ನು ಸಮುದ್ರದಲ್ಲಿ ಸುತ್ತಿ ಹೋಗುವುದು ಅಪಾಯದ ಕೆಲಸವಾಗಿತ್ತು. ಹೈದರಾಲಿಯ ಕಾಲದಲ್ಲಿ, 1766ರಲ್ಲಿ, ಗುಡ್ಡದ ಹಿಂದಿನಿಂದ ಪಳಯಂಗಾಡಿ ಹೊಳೆಗೆ ಸೇರುವ ಹಾಗೆ ತೋಡು ಕಡಿಸಿದರು. ಸುಲ್ತಾನ್ ತೋಡು ಅಂತಲೇ ಹೆಸರು. ಸಾಮಾನು ತುಂಬಿದ ದೋಣಿ ಕಡಲಿಗೆ ಇಳಿಯದೆಯೇ ದಾಟುತ್ತಿತ್ತು.

ಈಗ ಕೋವಳಂನಿಂದ ಬೇಕಲದವರೆಗೆ 600 ಕಿಲೋಮೀಟರಿಗೂ ಉದ್ದದ ಜಲಮಾರ್ಗ ಮಾಡುವ ಕೆಲಸ ನಡೆದಿದೆ. ಮಾಹೆ, ವಳಪಟ್ಟಣಂ ನಡುವೆ ಹೊಸದಾಗಿ ಕಾಲುವೆ ಕಡಿಯಬೇಕು. ದಾರಿ ಆಗಲಿ, ನನಗೂ ಆಸೆಯಿದೆ. ಆದರೆ ಪಡನ್ನದ ಹಗ್ಗಗಳ ಹತ್ತಿರ ದೊಡ್ಡ ದೋಣಿಗಳು ವೇಗ ತಗ್ಗಿಸಲೇಬೇಕು. ಅಲ್ಲಿಯ ಜನರನ್ನು ಕೇಳಿಯೇ ಹೂಳೆತ್ತಬೇಕು. ಅವರ ಗದ್ದೆ ಅದು.

ನೀನು ಡಿಸೆಂಬರ್‌ನಲ್ಲಿ ಬಂದರೆ ಹಗ್ಗ ಇಳಿಸುವುದನ್ನು ನೋಡಬಹುದು, ಏಪ್ರಿಲ್‌ನಲ್ಲಿ ಬಂದರೆ ಕೊಯ್ಲು. ಬಿಸಿಲು ತಡೆಯುತ್ತೇನೆ ಅಂತಾದರೆ ಏಪ್ರಿಲ್ಲೇ ಒಳ್ಳೆಯದು. ಹೌಸ್‌ಬೋಟಿಗೆ ಸುಮ್ನೆ ದುಡ್ಡು ಹಾಕುವುದು ಬೇಡ, ಈ ಸಲ ಸರಕಾರಿ ಬೋಟ್‌ನಲ್ಲಿ ಊರವರ ಜೊತೆ ಕೂತು ಹೋಗೋಣ. ನೀಲೇಶ್ವರದಲ್ಲಿ ನಿಲ್ಲುವ ರೈಲು ನೋಡಿ ಟಿಕೆಟ್ ಮಾಡು, ಸ್ಟೇಷನ್ನಿಗೆ ನಾನು ಬರುತ್ತೇನೆ.

ನಿನ್ನ ಗೆಳೆಯ