ಹೊಸ ಸ್ಕೇಟ್ ಕಚ್ಚುತ್ತಿದೆ ಅಂದೆಯಲ್ಲ

ಹಾಸನ
ನವೆಂಬರ್ 20, ಗುರುವಾರ

ಪ್ರೀತಿಯ ಪುಟ್ಟಿಗೆ,

ನಿನ್ನೆ ಫೋನಿನಲ್ಲಿ ನಿನ್ನ ಮುಖ ನೋಡಿ ಮ್ಯಾಚ್ ಸೋತು ಬಂದಿದ್ದೀಯ ಅಂದುಕೊಂಡೆ. "ಐಸ್‌ಹಾಕಿಯ ಹೊಸ ಸ್ಕೇಟು ಕಾಲು ಕಚ್ಚುತ್ತೆ. ಇಷ್ಟು ದುಡ್ಡು ಕೊಟ್ಟು ತಗೊಂಡ್ವಿ, ಹಳೇದೇ ಎಷ್ಟೋ ವಾಸಿ ಅಪ್ಪಾ" ಅಂದೆ. ಅಷ್ಟರಲ್ಲಿ ಅಜ್ಜಿಗೆ ವಾಕರ್ ಹಿಡಿಸಿ ನಡೆಸುವ ಹೊತ್ತಾಯಿತು, ಮಾತು ಅರ್ಧಕ್ಕೇ ನಿಂತಿತು. ಅದಕ್ಕೆ ಬರೆಯುತ್ತಿದ್ದೇನೆ. ತಡವರಿಸಿದ ಕಡೆ ಅಮ್ಮನ ಹತ್ತಿರ ಓದಿಸಿಕೋ.

ಅಜ್ಜಿ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದರು. "ಹೊಸ ಮೆಟ್ಟು ಅಂದ್ಮೇಲೆ ಕಚ್ಚದೆ ಇರುತ್ತಾ? ಹರಳೆಣ್ಣೆ ಸವರಿ ರಾತ್ರಿಯೆಲ್ಲ ಇಡೋಕೆ ಹೇಳು" ಅಂದರು. ತೊಗಲಿನ ಚಪ್ಪಲಿಗೆ ಅದು ಸರಿಯಾದ ಮದ್ದೇ. ನಿನ್ನ ಬೂಟು ತೊಗಲಿನದಲ್ಲ, ಎಣ್ಣೆ ಹಚ್ಚಿದರೆ ಅಮ್ಮನ ಕಾರ್ಪೆಟ್ ಹಾಳಾದೀತು ಅಷ್ಟೇ. ಅದು ಬಗ್ಗುವುದು ಶಾಖಕ್ಕೆ. ಅಂಗಡಿಯಲ್ಲಿ ಒವನ್ನಿನೊಳಗೆ ಇಟ್ಟರಲ್ಲ, ಸುಮಾರು 80 ಡಿಗ್ರಿ ಸೆಲ್ಸಿಯಸ್, ಕೆಲವೇ ನಿಮಿಷ. ಬಿಸಿ ಇರುವಾಗಲೇ ಕಾಲಿಗೆ ಹಾಕಿ, ಲೇಸು ಬಿಗಿದು, ತಣ್ಣಗಾಗುವ ತನಕ ಹತ್ತು ಹದಿನೈದು ನಿಮಿಷ ಕದಲದೆ ಕೂರಬೇಕು. ನೀನೇನು ಮಾಡಿದೆ ಅಂತ ಅಮ್ಮ ಹೇಳಿದಳು. ಗೆಳತಿಗೆ ಫೋಟೋ ಕಳಿಸಬೇಕು ಅಂತ ಎರಡು ಸಲ ಎದ್ದು ನಿಂತೆಯಂತೆ! ಬಿಸಿ ಬೂಟಿನಲ್ಲಿ ಎದ್ದು ನಿಂತರೆ ಮೈಭಾರವೆಲ್ಲ ಅದರ ಮೇಲೆ ಬಿದ್ದು ಆಕಾರ ಕೆಡುತ್ತದೆ. ಬೇಕಾದರೆ ಅಂಗಡಿಯಲ್ಲೇ ಇನ್ನೊಮ್ಮೆ ಕಾಯಿಸಿ ಕೊಡುತ್ತಾರೆ. ಅಮ್ಮ ಕೇಕ್ ಮಾಡುವ ಒವನ್ನಿನಲ್ಲಿ ಮಾತ್ರ ಪ್ರಯೋಗ ಬೇಡ. ಶಾಖ ಜಾಸ್ತಿಯಾದರೆ ಅಂಟು ಬಿಟ್ಟುಕೊಳ್ಳುತ್ತದೆ.

ಇನ್ನೊಂದು ವಿಷಯ ನಿನಗೆ ಹೊಳೆದಿರಲಾರದು. ಇದುವರೆಗೆ ನೀನು ಹಾಕಿದ್ದೆಲ್ಲ ಬೇರೆ ಮಕ್ಕಳು ಆಡಿ ಬಿಟ್ಟ ಜೋಡಿಗಳು. ಅವರ ಕಾಲಲ್ಲಿ ಪಳಗಿ ಮೆತ್ತಗಾಗಿಯೇ ನಿನ್ನ ಹತ್ತಿರ ಬಂದಿದ್ದವು. ಪೆಟ್ಟಿಗೆ ಬಿಚ್ಚಿ ತೆಗೆದ ಸ್ಕೇಟು ನಿನಗೆ ಇದೇ ಮೊದಲು. ಪಳಗಿಸುವ ಕೆಲಸ ಈ ಸಲ ನಿನ್ನ ಪಾದದ್ದು.

ಈಗ ನನ್ನ ತಪ್ಪಿನ ಕಥೆ. ನಾನು ಸ್ಕೂಲಿಗೆ ಹೋಗುವಾಗ ಜೂನ್‌ನಲ್ಲಿ ಶೂ ಕೊಡಿಸುತ್ತಿದ್ದರು, ಯಾವಾಗಲೂ ಒಂದು ನಂಬರ್ ದೊಡ್ಡದು. "ಬೆಳೆಯೋ ಕಾಲು, ಮುಂದಿನ ವರ್ಷಕ್ಕೂ ಬರಲಿ" ಅಂತ ತಾತನ ಲೆಕ್ಕ. ಮುಂದುಗಡೆ ಹತ್ತಿ ತುರುಕಿ ಹಾಕಿಕೊಂಡು ಹೋಗುತ್ತಿದ್ದೆವು. ಆಟಕ್ಕೆ ಕಳಚಿಟ್ಟು ಬರಿಗಾಲಲ್ಲೇ ಓಡುತ್ತಿದ್ದರಿಂದ ತೊಂದರೆ ಗೊತ್ತಾಗಲಿಲ್ಲ. ಅದೇ ಲೆಕ್ಕ ಹಿಡಿದುಕೊಂಡು ಕೆನಡಾದ ಆಟವಾ ಸೇರಿದವನು ನಾನು. (ನೋಡು, ಊರಿನ ಹೆಸರಲ್ಲೇ ಆಟವಿದೆ, ನನಗೆ ಬುದ್ಧಿ ಮಾತ್ರ ಇರಲಿಲ್ಲ.) ನಿನಗೆ ಮೊದಲ ಸ್ಕೇಟು ತಂದಾಗ ನಿನ್ನ ಶೂ ನಂಬರಿಗಿಂತ ಒಂದು ದೊಡ್ಡದು ತಂದೆ, ಒಳಗೆ ಎರಡು ಜೊತೆ ಉಣ್ಣೆ ಕಾಲುಚೀಲ. ಐಸ್‌ಹಾಕಿಯ ಸ್ಕೇಟು ಶೂಗಿಂತ ಒಂದರಿಂದ ಒಂದೂವರೆ ನಂಬರ್ ಚಿಕ್ಕದಿರಬೇಕು ಅಂತ ಯಾರಾದರೂ ಹೇಳಿದ್ದರೂ ನಂಬುತ್ತಿರಲಿಲ್ಲ.

2022ರ ಜನವರಿ ನೆನಪಿದೆಯಾ? ನಮ್ಮ ಆಟವಾದ ರಿಡೋ ಕಾಲುವೆ ಹೆಪ್ಪುಗಟ್ಟಿತ್ತು. ನಿನ್ನ ಜೊತೆಯ ಮಕ್ಕಳು ಸುಯ್ಯನೆ ಹೋಗುತ್ತಿದ್ದರು. ನಿನ್ನ ಕಾಲಿನ ಗಿಣ್ಣುಗಳೆರಡೂ ಒಳಗೆ ವಾಲಿ, ಬ್ಲೇಡಿನ ಬದಲು ಬೂಟಿನ ಪಕ್ಕ ಐಸಿಗೆ ಉಜ್ಜುತ್ತಿತ್ತು. ಒಂದು ಕಿಲೋಮೀಟರಿಗೇ ಕೂತು ಅತ್ತೆ. ಬೀವರ್‌ಟೇಲ್ ಅನ್ನುವ ಕರಿದ ಸಿಹಿತಿಂಡಿ ಕೊಡಿಸಿ ಹೆಗಲ ಮೇಲೆ ಹೊತ್ತು ತಂದೆ. ದಾರಿಯುದ್ದಕ್ಕೂ ನಾನು ಹೇಳಿದ್ದು ಒಂದೇ: "ನಿನ್ನ ಕಾಲಲ್ಲಿ ಶಕ್ತಿಯಿಲ್ಲ, ಹಾಲು ಕುಡಿ ಅಂದ್ರೆ ಕುಡಿಯಲ್ಲ." ಮುಂದಿನ ಡಿಸೆಂಬರಿನಲ್ಲಿ ಸಾಣೆ ಹಿಡಿಸಲು ಹೋದಾಗ ಆ ಅಂಗಡಿಯ ಅಜ್ಜ ಸ್ಕೇಟಿನ ಒಳಗಿನ ಇನ್‌ಸೋಲ್ ಎಳೆದು ನೆಲಕ್ಕೆ ಹಾಕಿ, ನಿನ್ನನ್ನು ಅದರ ಮೇಲೆ ನಿಲ್ಲಿಸಿದರು. ಹೆಬ್ಬೆರಳಿನ ಮುಂದೆ ಇನ್ನೊಂದು ಹೆಬ್ಬೆರಳು ಹಿಡಿಸುವಷ್ಟು ಜಾಗ ಖಾಲಿ. ಅವರು ಏನೂ ಹೇಳಲಿಲ್ಲ, ನನ್ನ ಮುಖ ನೋಡಿದರು. ಶಕ್ತಿಯಿಲ್ಲದ್ದು ನಿನ್ನ ಕಾಲಿಗಲ್ಲ. ಪಾದ ಹಿಡಿದುಕೊಳ್ಳಲು ಬೂಟಿನೊಳಗೆ ಏನೂ ಇರಲಿಲ್ಲ, ಅಷ್ಟೇ. ಇದನ್ನು ನಿನಗೆ ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ತಮಾಷೆ ಅಂದರೆ, ಸರಿಯಾದ ಅಳತೆಯ ಜೋಡಿ ಸಿಕ್ಕ ಆ ಚಳಿಗಾಲ ಕಾಲುವೆ ಸ್ಕೇಟಿಂಗಿಗೆ ಒಂದು ದಿನವೂ ತೆರೆಯಲಿಲ್ಲ. ಅಷ್ಟು ವರ್ಷಗಳಲ್ಲಿ ಅದೇ ಮೊದಲಂತೆ.

ಆದ್ದರಿಂದ ಈ ಸಲ ಶೂ ಐದು, ಸ್ಕೇಟು ಮೂರೂವರೆ ಅಂದರೆ ಗಾಬರಿಯಾಗಬೇಡ. ಸಂಜೆ ಒಮ್ಮೆ ಹಾಕಿ ನೋಡು. ಕಾಲುಚೀಲ ಒಂದೇ ಜೊತೆ, ತೆಳ್ಳಗಿನದು. (ಬಾಬಿ ಆರ್ ಅಂತ ಬಾಸ್ಟನ್ ತಂಡದ ದೊಡ್ಡ ಆಟಗಾರ, ಕಾಲುಚೀಲವೇ ಇಲ್ಲದೆ ಆಡುತ್ತಿದ್ದರು. ನಿನಗೆ ಅದು ಬೇಡ, ನಿನ್ನ ಬ್ಯಾಗಿನ ವಾಸನೆ ಈಗಿರುವುದೇ ಸಾಕು.) ಲೇಸು ಕಟ್ಟುವ ಮೊದಲು ಬೂಟಿನ ನಾಲಿಗೆಯನ್ನು ಮುಂದಕ್ಕೆ ಎಳೆದು, ಮೇಲಿನಿಂದ ಮೂರನೇ ಕಣ್ಣಿನ (ಲೇಸು ತೂರಿಸುವ ತೂತಿನ) ಹತ್ತಿರ ಪೆನ್ಸಿಲ್ ಅಡ್ಡ ಇಡು. ಪೆನ್ಸಿಲ್ ಎರಡೂ ಅಂಚಿಗೆ ತಾಗದೆ ಪಾದದ ಮೇಲೆ ಕೂತರೆ ಬೂಟಿನ ಆಳ ಸಾಲದು, ವಾಪಸ್ ಕೊಡೋಣ. ಆಮೇಲೆ ಲೇಸು ಬಿಗಿದು ನೆಟ್ಟಗೆ ನಿಲ್ಲು. ಹೆಬ್ಬೆರಳು ಮುಂದಕ್ಕೆ ಸುಮ್ಮನೆ ಸೋಕಬೇಕು. ಮಂಡಿ ಬಗ್ಗಿಸಿದಾಗ ಹಿಮ್ಮಡಿ ಹಿಂದೆ ಸರಿದು ಬೆರಳು ಕೂದಲೆಳೆಯಷ್ಟು ಬಿಡಬೇಕು. ಬಗ್ಗಿಸಿದಾಗಲೂ ಬೆರಳು ಮಡಿಸಿಕೊಂಡೇ ಇದ್ದರೆ ನಿಜಕ್ಕೂ ಚಿಕ್ಕದು.

ಲೇಸು ಕಟ್ಟುವುದರಲ್ಲೇ ಅರ್ಧ ನೋವಿದೆ. ನೀನು ಅವಸರದಲ್ಲಿ ಕಾಲು ತೂರಿಸಿ ಎಳೆಯುತ್ತೀಯ. ಮೊದಲು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸು. ಬ್ಲೇಡಿಗೆ ಗಾರ್ಡ್ ಹಾಕಿರು. ಬೆರಳಿನ ಹತ್ತಿರ ಸಡಿಲ, ಪಾದದ ತಿರುವಿನಲ್ಲಿ ಬಿಗಿ, ಮೇಲಿನ ಕಣ್ಣುಗಳಲ್ಲಿ ಮತ್ತೆ ಸ್ವಲ್ಪ ಸಡಿಲ. ತುದಿಯವರೆಗೂ ಜಗ್ಗಿ ಕಟ್ಟಿದರೆ ಮಂಡಿ ಮುಂದೆ ಬಗ್ಗುವುದಿಲ್ಲ, ಕಣಕಾಲಿನ ಮುಂಭಾಗದಲ್ಲಿ ಲೇಸು ಕೊಯ್ದ ಹಾಗೆ ಉರಿಯುತ್ತದೆ. ಉರಿದರೆ ಆ ಜಾಗದ ಒಂದು ಕಣ್ಣು ಬಿಟ್ಟು ಕಟ್ಟು. ಮಿಕ್ಕ ಲೇಸನ್ನು ಕಣಕಾಲಿಗೆ ಸುತ್ತಬೇಡ, ಅದು ನನ್ನಿಂದ ಕಲಿತ ಕೆಟ್ಟ ಅಭ್ಯಾಸ.

ಬ್ರೇಕ್ ಹಾಕುವಾಗ ಸಿಕ್ಕಿಕೊಂಡ ಹಾಗಾಗುತ್ತೆ ಅಂದೆಯಲ್ಲ, ಅದು ಬೂಟಿನದಲ್ಲ, ಸಾಣೆಯದು. ಬ್ಲೇಡಿನ ತಳ ಚಪ್ಪಟೆಯಲ್ಲ, ನಡುವೆ ಸಣ್ಣ ಕಾಲುವೆ, ಆಚೀಚೆ ಎರಡು ಅಂಚು. ಅಂಗಡಿಯವರು "ಅರ್ಧ ಇಂಚು", "ಐದು ಬೈ ಎಂಟು" ಅನ್ನುವುದು ಆ ಕಾಲುವೆ ಕೊರೆದ ವೃತ್ತದ ಅಳತೆ. ವೃತ್ತ ಚಿಕ್ಕದಾದಷ್ಟೂ ಕಾಲುವೆ ಆಳ, ಅಂಚು ಐಸನ್ನು ಗಟ್ಟಿಯಾಗಿ ಕಚ್ಚುತ್ತದೆ. ನಿನ್ನದು ಮೊದಲಿನಿಂದ ಅರ್ಧ ಇಂಚು. ಹೊಸದಕ್ಕೂ ಅಷ್ಟೇ ಹಿಡಿಸಿದರಾ ಅಂತ ಅಮ್ಮ ಕೇಳಲಿ. ಅದೇ ಆಗಿದ್ದರೆ ನಾಲ್ಕು ದಿನ ತಾಳು. ಹಳೇ ಬ್ಲೇಡು ಸವೆದು ಗಿಡ್ಡವಾಗಿತ್ತು, ಹೊಸದು ನಿನ್ನನ್ನು ಕೊಂಚ ಎತ್ತರದಲ್ಲಿ ನಿಲ್ಲಿಸುತ್ತದೆ. ಅದೂ ವಿಚಿತ್ರ ಅನ್ನಿಸುತ್ತೆ.

ಇನ್ನು ನೋವು. ಅಜ್ಜಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿ ದಿನಾ ಮೊದಲು ಕೇಳುವುದು, "ಎಲ್ಲಿ ನೋವು, ಬೆರಳಿಟ್ಟು ತೋರಿಸಿ" ಅಂತ. ಅಜ್ಜಿ "ಕಾಲೆಲ್ಲಾ ಕಣಮ್ಮಾ" ಅಂದರೆ ಎಬ್ಬಿಸಿ ನಡೆಸುತ್ತಾಳೆ. ಒಂದೇ ಜಾಗ ತೋರಿಸಿದರೆ ಕೂರಿಸಿ ಪರೀಕ್ಷೆ ಮಾಡುತ್ತಾಳೆ. ಅಜ್ಜಿ ಇದನ್ನು ಕಂಡುಹಿಡಿದು ಈಗ ದಿನಾ ಮಂಡಿಯ ಮೇಲೆ ಒಂದೇ ಜಾಗ ತೋರಿಸುತ್ತಿದ್ದಾರೆ! ನಿನ್ನ ವಿಷಯದಲ್ಲೂ ನನಗೆ ಗೊತ್ತಾಗಬೇಕಿರುವುದು ಅಷ್ಟೇ. ಪಾದವನ್ನೆಲ್ಲ ಯಾರೋ ಗಟ್ಟಿಯಾಗಿ ಅದುಮಿ ಹಿಡಿದ ಹಾಗಿದ್ದರೆ, ಅಂಗಾಲು ಸೋತ ಹಾಗಾದರೆ, ಐದಾರು ಪ್ರಾಕ್ಟೀಸಿಗೆ ಕಡಿಮೆಯಾಗುತ್ತದೆ. ಗಿಣ್ಣಿನ ಮೂಳೆ ಒಂದೇ ಕಡೆ ಚುಚ್ಚಿದರೆ, ಬೊಬ್ಬೆ ಎದ್ದರೆ, ಬೆರಳು ಜೋಮು ಹಿಡಿದರೆ, ಸಹಿಸಿಕೊಂಡು ಆಡಬೇಡ. ಕೋಚ್ ಏನಂದುಕೊಳ್ಳುತ್ತಾರೋ ಅಂತ ಸುಮ್ಮನಿರಬೇಡ. ಜೋಮು ಹಿಡಿದರೆ ಮೊದಲು ಲೇಸು ಸಡಿಲಿಸಿ ನೋಡು. ಮೂಳೆ ಚುಚ್ಚುವುದಕ್ಕೆ ಅಂಗಡಿಯಲ್ಲಿ ಉಪಾಯವಿದೆ. ಆ ಮೂಳೆಯ ಮೇಲೆ ಲಿಪ್‌ಸ್ಟಿಕ್ ಹಚ್ಚಿ ಬೂಟಿಗೆ ಕಾಲು ಹಾಕಿಸುತ್ತಾರೆ, ಗುರುತು ಒಳಗೆ ಮೂಡುತ್ತದೆ, ಅಲ್ಲಿ ಮಾತ್ರ ಒತ್ತಿ ಉಬ್ಬಿಸಿ ಕೊಡುತ್ತಾರೆ.

ಆಡಿ ಬಂದ ಮೇಲೆ ಬ್ಲೇಡು ಒರೆಸು, ಇನ್‌ಸೋಲ್ ತೆಗೆದು ಒಣಗಲು ಬಿಡು. ಗಟ್ಟಿ ಗಾರ್ಡ್ ಹಾಕಿ ಬ್ಯಾಗಿಗೆ ಎಸೆದರೆ ಎರಡು ದಿನದಲ್ಲಿ ತುಕ್ಕು. ಬಟ್ಟೆಯ ಕವರ್ ಹಾಕು.

ಶನಿವಾರ ಬೆಳಗ್ಗೆ ಎಂಟಕ್ಕೆ ನಿನ್ನ ಪ್ರಾಕ್ಟೀಸ್, ಇಲ್ಲಿ ಆಗ ಸಂಜೆ ಆರೂವರೆ. ಲೇಸು ಕಟ್ಟುವಾಗ ಫೋನನ್ನು ಬೆಂಚಿಗೆ ಒರಗಿಸಿಡು, ಮುಖ ಕಾಣದಿದ್ದರೂ ಪರವಾಗಿಲ್ಲ, ಕಾಲು ಕಾಣಲಿ. ಪ್ರಾಕ್ಟೀಸ್ ಮುಗಿದ ಮೇಲೆ ಕಾಲುಚೀಲ ಬಿಚ್ಚಿದ ತಕ್ಷಣ ಇನ್ನೊಮ್ಮೆ ಮಾಡು. ಎಲ್ಲಿ ಕೆಂಪಗಾಗಿದೆ, ಬೆರಳಿಟ್ಟು ತೋರಿಸು. ಅಜ್ಜಿಯೂ ನೋಡಬೇಕಂತೆ.

ನಿನ್ನ
ಅಪ್ಪ