ಪೆರ್ಲದ ಹತ್ತಿರ ಗಾಡಿ ನಿಲ್ಲಿಸಿದ ಅಣ್ಣನಿಗೆ

ಗಡಿಬಿಡಿಯಲ್ಲಿ ಹೆಸರೇ ಕೇಳಲಿಲ್ಲ. ಮೊನ್ನೆ ಸಂಜೆ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ, ಪೆರ್ಲ ದಾಟಿ ಸ್ವಲ್ಪ ಮುಂದೆ, ಕೆಂಪುಕಲ್ಲು ತುಂಬಿದ ಹಳೇ ಲಾರಿ ಹತ್ತಿರ ತಲೆ ಕೆರೆಯುತ್ತಾ ನಿಂತಿದ್ದವನು ನಾನೇ.

ಹಿಂದಿನ ದಿನ ಟ್ಯಾಂಕಿಗೂ, ಅದರಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೂ ನಡುವಿನ ಡೀಸೆಲ್ ಫಿಲ್ಟರ್ ನಾನೇ ಬದಲಾಯಿಸಿದ್ದೆ. ಇನ್ನೂರು ಮುನ್ನೂರು ಉಳಿಸುವ ಆಸೆ, ಅಷ್ಟೇ. ಆಮೇಲೆ ಆಕ್ಸಿಲರೇಟರ್ ಬಿಟ್ಟರೆ ಸಾಕು, ಎಂಜಿನ್ ಏರುತ್ತದೆ, ಇಳಿಯುತ್ತದೆ, ಕೊನೆಗೆ ಆಫ್. ಆಕ್ಸಿಲರೇಟರ್ ಬಿಟ್ಟಾಗಿನ ವೇಗ ಹೊಂದಿಸುವ ಐಡಲ್ ಸ್ಕ್ರೂ ಸುಮ್ನೆ ತಿರುಗಿಸಿ ಇನ್ನೂ ಕೆಡಿಸಿದೆ. ಡೀಸೆಲ್ ಎಲ್ಲೂ ಸೋರುತ್ತಿರಲಿಲ್ಲ, ಅದಕ್ಕೇ ಪೈಪ್ ಕಡೆ ನೋಡಲೇ ಇಲ್ಲ.

ನೀವು ಕೇಳಿದ್ದು ಒಂದೇ ಮಾತು: "ವಾಷರ್ ಹೊಸದು ಹಾಕಿದ್ದೀಯಾ?"

ಹಾಕಿರಲಿಲ್ಲ, ಪೈಪ್ ಜೋಡಣೆಯಲ್ಲಿ ಹಳೇ ವಾಷರೇ ಇತ್ತು. ಅದು ಸರಿ ಕೂರದಿದ್ದರೆ, ಪಂಪ್ ಎಳೆಯುವ ಕಡೆ ಡೀಸೆಲ್ ಹೊರಗೆ ಬರದೆಯೇ ಗಾಳಿ ಒಳಗೆ ಹೋಗುತ್ತದಂತೆ! ನಿಮ್ಮ ತುಕ್ಕು ಹಿಡಿದ ಡಬ್ಬಿಯಿಂದ ಎರಡು ತಾಮ್ರದ ವಾಷರ್ ಬಂದವು. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿದಿರಿ. ಮೊದಲು ಬರೀ ನೊರೆ, ಆಮೇಲೆ ಗುಳ್ಳೆ, ಕೊನೆಗೆ ಸ್ವಚ್ಛ ಡೀಸೆಲ್. ನಾನು ತಿರುಗಿಸಿದ್ದ ಸ್ಕ್ರೂವನ್ನೂ ಕಿವಿಗೊಟ್ಟು ಸರಿ ಮಾಡಿದಿರಿ. ಲಾರಿ ಒಂದೇ ಸಮನೆ ಗುಡುಗುಡು ಅಂದಾಗ ನಕ್ಕಿರಿ.

ದುಡ್ಡು ಮುಟ್ಟಲಿಲ್ಲ, ಚಾಯ ಕೂಡ ಬೇಡ ಅಂದಿರಿ. ತುಂಬಾ ಥ್ಯಾಂಕ್ಸ್ ಅಣ್ಣ. ಎರಡು ಹೊಸ ವಾಷರ್ ನನ್ನ ಡ್ಯಾಶ್‌ಬೋರ್ಡಿನಲ್ಲೇ ಇವೆ. ಸಿಕ್ಕರೆ ಕೈ ಅಡ್ಡ ಹಾಕಿ.